ಮಕ್ಕಳ ಹಳೆಯ ಬಟ್ಟೆ, ಆಟಿಕೆಗಳ ಅಂಗಳ ಮಾರಾಟ

(ಮಲೆನಾಡಿನ ಹಳ್ಳಿಗರನ್ನೂ ವಿದ್ಯಾರ್ಥಿಗಳನ್ನೂ ಉದ್ದೇಶಿಸಿದ ಉಪನ್ಯಾಸದ ಪಠ್ಯ)



ಮನುಷ್ಯನ ಬಳಕೆಯ ವಸ್ತುಗಳಲ್ಲಿ ಸವೆಯುವುದಕ್ಕೆ ಮೊದಲೇ ಕೆಲಸಕ್ಕೆ ಬಾರದಂತಾಗುವುದು ಮಕ್ಕಳ ಬಟ್ಟೆ. ಹುಟ್ಟುವಾಗ ಸುಮಾರು 50 ಸೆಂಟಿಮೀಟರ್ ಉದ್ದವಿರುವ ಆರೋಗ್ಯವಂತ ಶಿಶು ವರ್ಷ ತುಂಬುವ ಹೊತ್ತಿಗೆ ಸುಮಾರು 75 ಸೆಂಟಿಮೀಟರ್ ಆಗುತ್ತದೆ. ತೂಕ ಹುಟ್ಟಿದಾಗಿನ ಮೂರು ಪಟ್ಟಾಗುತ್ತದೆ. ಈ ಒಂದು ವರ್ಷದಲ್ಲಿ ಮೂರು ನಾಲ್ಕು ಅಳತೆಯ ಅಂಗಿಗಳು ಬಂದು ಹೋಗುತ್ತವೆ. ದೊಡ್ಡವರ ಅಂಗಿ ಹರಿದು ಹಳತಾದರೆ, ಮಗುವಿನ ಅಂಗಿ ಗಿಡ್ಡವಾಗಿಯೇ ಹಳತಾಗುತ್ತದೆ. ಆಟಿಕೆಗಳ ಕಥೆಯೂ ಇದೇ. ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕುವ ವಯಸ್ಸಿನ ಗಿಲಕಿಯನ್ನು ಓಡಾಡಲು ಕಲಿತ ಮಗು ತಿರುಗಿಯೂ ನೋಡುವುದಿಲ್ಲ.

ಮನೆತುಂಬ ಮಕ್ಕಳಿದ್ದ ಕಾಲದಲ್ಲಿ ಇದೊಂದು ಸಮಸ್ಯೆಯೇ ಆಗಿರಲಿಲ್ಲ. ಅಣ್ಣನ ಅಂಗಿ ತಮ್ಮನಿಗೆ, ಅಕ್ಕನ ಲಂಗ ತಂಗಿಗೆ, ಅಲ್ಲಿಂದ ಚಿಕ್ಕಮ್ಮನ ಮನೆಯ ಕೂಸಿಗೆ, ಕೊನೆಗೆ ಅಜ್ಜಿಯ ಕೈಯಲ್ಲಿ ಕೌದಿಯಾಗಿ ಅದು ತನ್ನ ಬಾಳನ್ನು ಮುಗಿಸುತ್ತಿತ್ತು. ಹಸುಗೂಸಿಗೆ ಮೊದಲು ಹಳೆಯ ಮೆತ್ತನೆಯ ಬಟ್ಟೆಯನ್ನೇ ತೊಡಿಸುವ ವಾಡಿಕೆ ಇಂದಿಗೂ ಅನೇಕ ಮನೆಗಳಲ್ಲಿದೆ. ಈಗ ಮನೆಗೊಂದು ಅಥವಾ ಎರಡು ಮಕ್ಕಳು. ಬಟ್ಟೆಯನ್ನು ದಾಟಿಸಲು ತಮ್ಮನಿಲ್ಲ, ತಂಗಿಯಿಲ್ಲ. ಹಬ್ಬಕ್ಕೆ, ಹುಟ್ಟುಹಬ್ಬಕ್ಕೆ, ಜಾತ್ರೆಗೆ, ಪೇಟೆಗೆ ಹೋದಾಗಲೆಲ್ಲ ಹೊಸತು ಬರುತ್ತದೆ. ಹಳತು ಅಟ್ಟ ಸೇರುತ್ತದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬೂಷ್ಟು ಹಿಡಿದು, ಅಟ್ಟದಿಂದ ಬಚ್ಚಲ ಒಲೆಗೋ ಹಿತ್ತಲಾಚೆಯ ಹಳ್ಳಕ್ಕೋ ಇಳಿಯುತ್ತದೆ.

ಹಿಂದೆ ಒಲೆ ಸೇರುತ್ತಿದ್ದದ್ದು ಹತ್ತಿಬಟ್ಟೆ, ಮರದ ಆಟಿಕೆ. ಇಂದು ಸೇರುವುದು ಪಾಲಿಯೆಸ್ಟರ್ ಮತ್ತು ಪ್ಲಾಸ್ಟಿಕ್. ಪಾಲಿಯೆಸ್ಟರ್ ಮಣ್ಣಿನಲ್ಲಿ ಕರಗದು. ಪಿವಿಸಿಯಿಂದ ಮಾಡಿದ ಗೊಂಬೆಯನ್ನು ತೆರೆದ ಬೆಂಕಿಗೆ ಹಾಕಿದರೆ ಡಯಾಕ್ಸಿನ್‌ನಂತಹ ವಿಷಗಳು ಹೊರಬರುತ್ತವೆ. ಸ್ನಾನದ ನೀರು ಕಾಯಿಸುವ ಹೆಂಗಸರೂ ಒಲೆಯ ಮುಂದೆ ಚಳಿ ಕಾಯಿಸಿಕೊಳ್ಳುವ ಮಕ್ಕಳೂ ಅದನ್ನೇ ಉಸಿರಾಡಬೇಕಾಗುತ್ತದೆ. ಹಳ್ಳಕ್ಕೆ ಎಸೆದದ್ದು ಕೆಳಗಿನ ಊರಿನ ತೋಟದ ಕಾದಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ನೀರಿನ ಲೆಕ್ಕವೂ ಇದೆ. ಒಂದು ಕಿಲೋ ಹತ್ತಿಬಟ್ಟೆಯ ಹಿಂದೆ ಜಾಗತಿಕ ಸರಾಸರಿಯಂತೆ ಸುಮಾರು 10,000 ಲೀಟರ್ ನೀರಿನ ಬಳಕೆಯಿದೆ. ಅಂದರೆ ನೂರು ಗ್ರಾಂ ತೂಗುವ ಒಂದು ಪುಟ್ಟ ಅಂಗಿಯ ಹಿಂದೆ ಸಾವಿರ ಲೀಟರ್. ಆರು ತಿಂಗಳು ತೊಟ್ಟು ಅಟ್ಟಕ್ಕೆಸೆದ ಅಂಗಿಯಲ್ಲಿ ಎಲ್ಲಿಯೋ ಒಂದು ಹತ್ತಿ ಹೊಲದ ಅಷ್ಟು ನೀರು ಅಡಗಿರುತ್ತದೆ.

ಇದಕ್ಕೆ ಇರುವ ಪರಿಹಾರಗಳಲ್ಲಿ ಸರಳವಾದ ಒಂದನ್ನು ಇಲ್ಲಿ ವಿವರಿಸಲಾಗುವುದು.

ಗ್ಯಾರೇಜ್ ಸೇಲ್ ಎಂದರೇನು?

ಗ್ಯಾರೇಜ್ ಎಂದೊಡನೆ ಮಲೆನಾಡಿನವರಿಗೆ ಜೀಪು, ಬೈಕು ರಿಪೇರಿಯ ಜಾಗ ನೆನಪಾಗುತ್ತದೆ. ಅಮೆರಿಕದಲ್ಲಿ ಅದು ಮನೆಗೆ ಹೊಂದಿಕೊಂಡ, ಕಾರು ನಿಲ್ಲಿಸುವ ಕೋಣೆ. ವಾರದ ಕೊನೆಯಲ್ಲಿ ಕಾರನ್ನು ಹೊರಗೆ ನಿಲ್ಲಿಸಿ, ಆ ಕೋಣೆಯಲ್ಲಿಯೋ ಮನೆಯ ಮುಂದಿನ ಅಂಗಳದಲ್ಲಿಯೋ ಮೇಜು ಹಾಕಿ, ತಮಗೆ ಬೇಡವಾದ ವಸ್ತುಗಳನ್ನು ಅಗ್ಗದ ಬೆಲೆಗೆ ಮಾರುವುದೇ ಗ್ಯಾರೇಜ್ ಸೇಲ್. ಅಂಗಳದಲ್ಲಿ ನಡೆದರೆ ಯಾರ್ಡ್ ಸೇಲ್ ಎನ್ನುವುದೂ ಉಂಟು. ಟೆನೆಸಿ ರಾಜ್ಯದಲ್ಲಿ 1987ರಲ್ಲಿ ಆರಂಭವಾದ ಇಂಥ ಒಂದು ಮಾರಾಟ, 127ನೆಯ ಹೆದ್ದಾರಿಯನ್ನು ಹಿಡಿದು ಬೆಳೆಯುತ್ತ, ಮಿಷಿಗನ್‌ನಿಂದ ಅಲಬಾಮದವರೆಗೆ ಆರು ರಾಜ್ಯಗಳಲ್ಲಿ 690 ಮೈಲಿ ಉದ್ದಕ್ಕೆ ಹಬ್ಬಿದೆ. ಪ್ರತಿ ವರ್ಷ ಆಗಸ್ಟ್ ತಿಂಗಳ ಆರಂಭದಲ್ಲಿ ನಾಲ್ಕು ದಿನ ಅದು ನಡೆಯುತ್ತದೆ.

ಮಕ್ಕಳ ಸಾಮಾನುಗಳ ಮಟ್ಟಿಗೆ ಇಂಗ್ಲೆಂಡಿನ ಮಾದರಿ ಇನ್ನಷ್ಟು ಅಚ್ಚುಕಟ್ಟಾಗಿದೆ. 1956ರಲ್ಲಿ ಹುಟ್ಟಿದ, ಈಗ ನ್ಯಾಷನಲ್ ಚೈಲ್ಡ್‌ಬರ್ತ್ ಟ್ರಸ್ಟ್ ಎಂದು ಹೆಸರಾದ ಸಂಸ್ಥೆಯ ಊರೂರಿನ ಶಾಖೆಗಳು ‘ನಿಯರ್ಲಿ ನ್ಯೂ ಸೇಲ್’, ಅಂದರೆ ‘ಬಹುಪಾಲು ಹೊಸತರ ಮಾರಾಟ’ ಎಂಬುದನ್ನು ದಶಕಗಳಿಂದ ನಡೆಸಿಕೊಂಡು ಬಂದಿವೆ. ಅಲ್ಲಿ ಒಬ್ಬೊಬ್ಬರೂ ಬೇರೆ ಬೇರೆ ಅಂಗಡಿ ಹೂಡುವುದಿಲ್ಲ. ತಾಯಂದಿರು ತಮ್ಮ ವಸ್ತುಗಳಿಗೆ ಚೀಟಿ ಅಂಟಿಸಿ ಒಪ್ಪಿಸುತ್ತಾರೆ. ಸ್ವಯಂಸೇವಕರು ಎಲ್ಲರದನ್ನೂ ಬೆರೆಸಿ ವಯಸ್ಸು, ಅಳತೆಗಳ ಪ್ರಕಾರ ಜೋಡಿಸುತ್ತಾರೆ. ಮಾರಾಟವಾದದ್ದರ ಹಣದಲ್ಲಿ ಒಂದು ಪಾಲು ಸಂಸ್ಥೆಗೆ, ಉಳಿದದ್ದು ವಸ್ತುವಿನ ಒಡತಿಗೆ. ಮನೆಮನೆಯ ಗ್ಯಾರೇಜ್ ಸೇಲ್‌ಗಿಂತ ಊರೊಟ್ಟಿನ ಈ ಪದ್ಧತಿಯೇ ಮಲೆನಾಡಿಗೆ ಹೊಂದುವಂಥದ್ದು. ಗುಡ್ಡಕ್ಕೊಂದು ಮನೆಯಿರುವ ಸೀಮೆಯಲ್ಲಿ ಒಂಟಿ ಮನೆಯ ಅಂಗಳಕ್ಕೆ ಗಿರಾಕಿಗಳು ಬರಲಾರರು. ಆದರೆ ಶಾಲೆಯ ಅಂಗಳಕ್ಕೆ, ಸೊಸೈಟಿಯ ಜಗಲಿಗೆ ಎಲ್ಲರೂ ಬರುತ್ತಾರೆ. ಮುಯ್ಯಾಳು ಪದ್ಧತಿಯಲ್ಲಿ ಒಬ್ಬರ ತೋಟದ ಕೆಲಸಕ್ಕೆ ಎಲ್ಲರೂ ಸೇರುವುದನ್ನು ಬಲ್ಲ ಜನಕ್ಕೆ ಇದು ಹೊಸ ವಿದ್ಯೆಯೇನೂ ಅಲ್ಲ.

ದಾನವಲ್ಲ, ಮಾರಾಟ ಏಕೆ?

ಹಳೆಯ ಬಟ್ಟೆಯನ್ನು ಬಡವರಿಗೆ ಕೊಟ್ಟರಾಯಿತು, ಮಾರುವುದೇಕೆ ಎಂಬ ಪ್ರಶ್ನೆ ಸಹಜವಾಗಿ ಬರುತ್ತದೆ. ಉತ್ತರಕ್ಕೆ ಊರಿನ ಹಿಂದಿನ ದಿನಗಳನ್ನೇ ನೋಡಬೇಕು. ಒಡೆಯರ ಮನೆಯ ಹಳೆಯ ಬಟ್ಟೆ ಹಿತ್ತಲ ಬಾಗಿಲಿನಿಂದ ಆಳಿನ ಮನೆಗೆ ಹೋಗುತ್ತಿದ್ದ ಕಾಲ ಬಹಳ ದೂರದ್ದಲ್ಲ. ಕೊಟ್ಟವರ ಕೈ ಮೇಲೆ, ಪಡೆದವರ ಕೈ ಕೆಳಗೆ. ಅಳತೆ ಸರಿಯಿಲ್ಲ, ಬಣ್ಣ ಹಿಡಿಸಲಿಲ್ಲ ಎನ್ನುವ ಹಕ್ಕು ಪಡೆದವರಿಗಿರಲಿಲ್ಲ. ಬೇಡವೆಂದರೆ ಸೊಕ್ಕು, ಒಯ್ದರೆ ಋಣ. ಇಂದು ಕೂಲಿಯ ಹಣದಲ್ಲಿ ಮಗಳಿಗೆ ಸಂತೆಯಿಂದ ಹೊಸ ಫ್ರಾಕು ತರುವ ತಾಯಿಗೆ ಆ ಹಿತ್ತಲ ಬಾಗಿಲಿನ ನೆನಪಿದ್ದರೆ ಆಶ್ಚರ್ಯವಿಲ್ಲ. ಹಳತು ಎಂದೊಡನೆ ಹಿಂಜರಿಯುವುದು ಜಂಬದಿಂದಲ್ಲ, ಆ ನೆನಪಿನಿಂದ.

ಮಾರಾಟದಲ್ಲಿ ಈ ಸಂಬಂಧ ಬದಲಾಗುತ್ತದೆ. ಇಪ್ಪತ್ತು ರೂಪಾಯಿ ಕೊಟ್ಟು ಕೊಳ್ಳುವವರು ಬಟ್ಟೆಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡುತ್ತಾರೆ, ಹೊಲಿಗೆ ಎಳೆದು ನೋಡುತ್ತಾರೆ, ಬೇಡವೆನಿಸಿದರೆ ಅಲ್ಲಿಯೇ ಬಿಡುತ್ತಾರೆ. ಯಾರಿಗೂ ಋಣವಿಲ್ಲ. ಆದರೆ ಒಂದು ಷರತ್ತನ್ನು ಪಾಲಿಸಿದರೆ ಮಾತ್ರ ಈ ಸಮಾನತೆ ನಿಜವಾಗುತ್ತದೆ: ಮಾರುವವರು ಒಂದು ವರ್ಗ, ಕೊಳ್ಳುವವರು ಇನ್ನೊಂದು ವರ್ಗ ಆಗಕೂಡದು. ತೋಟದ ಮನೆಯವರೂ ಕೊಳ್ಳಬೇಕು, ಕೂಲಿಯವರೂ ಮಾರಬೇಕು. ಮೇಷ್ಟ್ರ ಮಗುವೂ ಅಂಗನವಾಡಿ ಕಾರ್ಯಕರ್ತೆಯ ಮಗುವೂ ಹಳೆಯ ಸ್ವೆಟರ್ ತೊಟ್ಟು ಊರಿನಲ್ಲಿ ಓಡಾಡಿದಾಗ ಸಂಕೋಚ ತಾನಾಗಿ ಕರಗುತ್ತದೆ. ಆದ್ದರಿಂದ ಸಂಘಟಕರು ಮೊದಲು ತಾವೇ ಕೊಳ್ಳುವುದು ಒಳ್ಳೆಯದು.

ಇನ್ನೊಂದು ಸೂಕ್ಷ್ಮವಿದೆ. ಅಮೆರಿಕದ ಗ್ಯಾರೇಜ್ ಸೇಲ್‌ಗೆ ಬರುವವರು ಹೆಚ್ಚಾಗಿ ಕಾರಿನಲ್ಲಿ ಹಾದುಹೋಗುವ ಅಪರಿಚಿತರು. ಹಳ್ಳಿಯಲ್ಲಿ ಎಲ್ಲರಿಗೂ ಎಲ್ಲರ ಬಟ್ಟೆಯ ಗುರುತಿದೆ. ‘ಅದು ನನ್ನ ಹಳೇ ಅಂಗಿ’ ಎಂದು ಶಾಲೆಯಲ್ಲಿ ಒಬ್ಬ ಹುಡುಗ ಅಂದರೆ ಸಾಕು, ಆ ಅಂಗಿ ತೊಟ್ಟ ಹುಡುಗ ಮರುದಿನ ಅದನ್ನು ಮುಟ್ಟುವುದಿಲ್ಲ. ಅವನ ತಾಯಿ ಮತ್ತೆ ಇಂಥ ಮಾರಾಟಕ್ಕೆ ಬರುವುದೂ ಇಲ್ಲ. ಇದನ್ನು ತಪ್ಪಿಸಲು ಎರಡು ಉಪಾಯಗಳಿವೆ. ಚೀಟಿಯ ಮೇಲೆ ಮಾರುವವರ ಹೆಸರನ್ನು ಬರೆಯದೆ ಸಂಖ್ಯೆಯನ್ನು ಮಾತ್ರ ಬರೆಯುವುದು ಮೊದಲನೆಯದು. ಎರಡು ಊರುಗಳು ಜೊತೆಗೂಡಿ, ಒಂದು ಊರಿನಲ್ಲಿ ಸಂಗ್ರಹವಾದದ್ದನ್ನು ಇನ್ನೊಂದು ಊರಿನಲ್ಲಿ ಮಾರುವುದು ಎರಡನೆಯದು. ಗುಡ್ಡದ ಆಚೆಯ ಶಾಲೆಯಲ್ಲಿ ಆ ಅಂಗಿಯ ಗುರುತು ಯಾರಿಗೂ ಇರುವುದಿಲ್ಲ.

ಸಿದ್ಧತೆ

ಕಾಲದ ಆಯ್ಕೆ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಒಗೆದ ಬಟ್ಟೆ ಒಣಗಿಸುವುದೇ ಕಷ್ಟ. ಏಪ್ರಿಲ್ ಕೊನೆ ಅಥವಾ ಮೇ ತಿಂಗಳು ಪ್ರಶಸ್ತ. ಬಿಸಿಲಿರುತ್ತದೆ, ಶಾಲೆಯ ಕಟ್ಟಡ ಖಾಲಿಯಿರುತ್ತದೆ, ದೊಡ್ಡ ಮಕ್ಕಳು ಕೈಗೆ ಸಿಗುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ, ಶಾಲೆ ತೆರೆಯುವ ಮುನ್ನ ಪ್ರತಿ ಮನೆಗೂ ರೇನ್‌ಕೋಟು, ಕೊಡೆ, ಸ್ವೆಟರ್, ಶಾಲೆಯ ಚೀಲ ಬೇಕಾಗಿರುತ್ತವೆ. ಹೋದ ವರ್ಷದ ರೇನ್‌ಕೋಟು ಒಂದು ಮನೆಯಲ್ಲಿ ಗಿಡ್ಡವಾಗಿದ್ದರೆ ಅದೇ ಅಳತೆಯದು ಇನ್ನೊಂದು ಮನೆಗೆ ಬೇಕಾಗಿರುತ್ತದೆ. ಸಮವಸ್ತ್ರಗಳಿಗೂ ಇದೇ ಸಮಯ. ಬ್ರಿಟನ್ನಿನಲ್ಲಿ 2021ರ ಕಾಯಿದೆಯೊಂದನ್ನು ಅನುಸರಿಸಿ, ಬಳಸಿದ ಸಮವಸ್ತ್ರಗಳು ಪೋಷಕರಿಗೆ ದೊರೆಯುವಂತೆ ಇಂಗ್ಲೆಂಡಿನ ಶಾಲೆಗಳೇ ನೋಡಿಕೊಳ್ಳಬೇಕೆಂದು ಸರ್ಕಾರ ಮಾರ್ಗಸೂಚಿ ಹೊರಡಿಸಿದೆ. ಸಮವಸ್ತ್ರಕ್ಕೆ ಹೆಚ್ಚು ಹಣ ತೆರಬೇಕಾದ ಖಾಸಗಿ ಶಾಲೆಗಳ ಪೋಷಕರು ಇದನ್ನು ಗಮನಿಸಬೇಕು.

ದಿನವನ್ನು ಸಂತೆಯ ದಿನಕ್ಕೆ ಹೊಂದಿಸಿದರೆ ಜನ ಹೇಗೂ ಮನೆಯಿಂದ ಹೊರಟಿರುತ್ತಾರೆ. ಒಂದು ತಿಂಗಳು ಮೊದಲೇ ಹಾಲಿನ ಡೈರಿ, ನ್ಯಾಯಬೆಲೆ ಅಂಗಡಿ, ಅಂಗನವಾಡಿ, ಸ್ವಸಹಾಯ ಸಂಘಗಳ ಸಭೆಗಳಲ್ಲಿ ಸುದ್ದಿ ಹರಡಬೇಕು. ಆಶಾ ಕಾರ್ಯಕರ್ತೆಯರಿಗೆ ತಿಳಿಸಿದರೆ ಬಸುರಿಯರಿಗೂ ಬಾಣಂತಿಯರಿಗೂ ತಲುಪುತ್ತದೆ. ಶಿಶುಗಳ ಬಟ್ಟೆಗೆ ಅವರೇ ಮುಖ್ಯ ಗಿರಾಕಿಗಳು. ಕರಪತ್ರದಲ್ಲಿ ದಿನ, ಸ್ಥಳಗಳ ಜೊತೆಗೆ ‘ಒಗೆದು ಒಣಗಿಸಿದ್ದು, ಗುಂಡಿ ಜಿಪ್ ಸರಿಯಿರುವುದು ಮಾತ್ರ’ ಎಂಬ ಸಾಲು ಇರಲೇಬೇಕು.

ವಸ್ತುಗಳನ್ನು ಸ್ವೀಕರಿಸುವ ಮೇಜಿನಲ್ಲಿ ಮುಖದಾಕ್ಷಿಣ್ಯವಿಲ್ಲದವರನ್ನು ಕೂರಿಸಬೇಕು. ಮಾರಾಟದ ಯಶಸ್ಸು ಬಹುಪಾಲು ಇಲ್ಲಿಯೇ ತೀರ್ಮಾನವಾಗುತ್ತದೆ. ಕಲೆಯಾದದ್ದು, ಬಣ್ಣ ಬಿಟ್ಟದ್ದು, ಎಳೆ ಎದ್ದದ್ದು ಮೇಜಿನ ಮೇಲಿದ್ದರೆ ಅದರ ಪಕ್ಕದ ಒಳ್ಳೆಯ ಅಂಗಿಯೂ ತ್ಯಾಜ್ಯದಂತೆ ಕಾಣುತ್ತದೆ. ಪರೀಕ್ಷೆ ಒಂದೇ: ಈ ಬಟ್ಟೆಯನ್ನು ಇದೇ ಸ್ಥಿತಿಯಲ್ಲಿ ಸ್ವಂತ ಅಕ್ಕನ ಮಗುವಿಗೆ ಕೊಡಲು ಮನಸ್ಸು ಒಪ್ಪುತ್ತದೆಯೇ? ಒಪ್ಪದಿದ್ದರೆ ಅದು ಮಾರಾಟಕ್ಕಲ್ಲ. ಗುಂಡಿ ಹಚ್ಚುವುದು, ಬಿಚ್ಚಿದ ಹೊಲಿಗೆ ಹಾಕುವುದು, ಜಿಪ್ಪಿಗೆ ಮೇಣ ಸವರುವುದು ಮುಂತಾದ ಚಿಕ್ಕ ರಿಪೇರಿಗಳನ್ನು ಊರಿನ ಟೈಲರರ ಸಹಾಯದಿಂದ ವಿದ್ಯಾರ್ಥಿಗಳು ಮಾಡಬಹುದು.

ಬಟ್ಟೆಗಳನ್ನು ಹಾಗೆಯೇ ರಾಶಿ ಹಾಕಬಾರದು. ರಾಶಿಯಲ್ಲಿ ಹುಡುಕುವುದು ಅವಮಾನವೆನಿಸುತ್ತದೆ, ಸಮಯವೂ ಹಾಳು. ವಯಸ್ಸಿಗಿಂತ ಎತ್ತರದ ಅಳತೆ ನಂಬಲರ್ಹ, ಏಕೆಂದರೆ ಒಂದೇ ವಯಸ್ಸಿನ ಇಬ್ಬರು ಮಕ್ಕಳ ಅಳತೆ ಒಂದೇ ಇರುವುದಿಲ್ಲ. ಪ್ರತಿ ಬಟ್ಟೆಯ ಭುಜದಿಂದ ಅಂಚಿನವರೆಗಿನ ಉದ್ದವನ್ನು ಟೇಪಿನಿಂದ ಅಳೆದು ಚೀಟಿಯಲ್ಲಿ ಬರೆಯಬೇಕು. ಅಡಿಕೆ ದಬ್ಬೆಗಳ ನಡುವೆ ಹಗ್ಗ ಕಟ್ಟಿ ಅಂಗಿಗಳನ್ನು ತೂಗುಹಾಕಿ, ಚಡ್ಡಿ, ಟೋಪಿ, ಕಾಲುಚೀಲಗಳನ್ನು ಮೇಜಿನ ಮೇಲೆ ಜೋಡಿಸಿದರೆ ಸಾಕು. ಚೀಟಿಯನ್ನು ಗುಂಡುಸೂಜಿಯಿಂದ ಚುಚ್ಚದೆ ದಾರದಿಂದ ಕಟ್ಟಬೇಕು. ಮರೆತ ಸೂಜಿ ಮಗುವಿಗೆ ಚುಚ್ಚೀತು.

ಏನನ್ನು ಮಾರಬಾರದು?

ಈ ಭಾಗವನ್ನು ವಿಶೇಷವಾಗಿ ಗಮನಿಸಬೇಕು. ಹಳೆಯ ವಸ್ತುವಿನ ಜೊತೆಗೆ ಹಳೆಯ ಅಪಾಯವೂ ಇನ್ನೊಂದು ಮನೆಗೆ ದಾಟುತ್ತದೆ. ಅಮೆರಿಕದಲ್ಲಿ ಗ್ರಾಹಕ ವಸ್ತುಗಳ ಸುರಕ್ಷತಾ ಆಯೋಗವು ಅಪಾಯಕಾರಿಯೆಂದು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆದ ವಸ್ತುವನ್ನು ಗ್ಯಾರೇಜ್ ಸೇಲ್‌ನಲ್ಲಿ ಮಾರುವುದೂ ಕಾನೂನುಬಾಹಿರ. ಒಂದು ಬದಿಯ ಕಟಾಂಜನ ಮೇಲೆ ಕೆಳಗೆ ಜಾರುವ ಮಕ್ಕಳ ಮಂಚಗಳಲ್ಲಿ ಸಿಕ್ಕಿಕೊಂಡು ಶಿಶುಗಳು ಸತ್ತ ಮೇಲೆ, 2011ರ ಜೂನ್‌ನಿಂದ ಅವುಗಳ ತಯಾರಿಕೆ, ಮಾರಾಟ, ಮರುಮಾರಾಟಗಳನ್ನು ಅಲ್ಲಿ ನಿಷೇಧಿಸಲಾಯಿತು. ಕೆನಡಾ ದೇಶವು 2004ರಲ್ಲಿ ಮಕ್ಕಳ ವಾಕರನ್ನೇ ನಿಷೇಧಿಸಿತು; ಈ ನಿಷೇಧ ಬಳಸಿದ ವಾಕರುಗಳಿಗೂ ಅನ್ವಯಿಸುತ್ತದೆ. ವಾಕರಿನಲ್ಲಿ ಕೂತ ಮಗು ಕ್ಷಣಮಾತ್ರದಲ್ಲಿ ಮೆಟ್ಟಿಲಿನಿಂದ ಉರುಳುವುದೇ ಅದಕ್ಕೆ ಮುಖ್ಯ ಕಾರಣ. ಎತ್ತರದ ಜಗಲಿ, ಕಲ್ಲಿನ ಮೆಟ್ಟಿಲು, ಕೆಳಗೆ ಅಂಗಳ ಇರುವ ಮಲೆನಾಡಿನ ಮನೆಗೆ ಈ ಎಚ್ಚರಿಕೆ ಇನ್ನೂ ಹೆಚ್ಚು ಸಲ್ಲುತ್ತದೆ. ವಾಕರು ಎಷ್ಟೇ ಹೊಸತಾಗಿದ್ದರೂ ಮಾರಾಟಕ್ಕೆ ಇಡಬಾರದು.

ಆಟಿಕೆಗಳಲ್ಲಿ ಮೊದಲು ನೋಡಬೇಕಾದದ್ದು ಗಾತ್ರ. ಮೂರು ವರ್ಷದ ಒಳಗಿನ ಮಕ್ಕಳ ಆಟಿಕೆಗಳನ್ನು ಪರೀಕ್ಷಿಸಲು 31.7 ಮಿಲಿಮೀಟರ್ ಒಳವ್ಯಾಸದ ಒಂದು ಚಿಕ್ಕ ಕೊಳವೆಯನ್ನು ಬಳಸುತ್ತಾರೆ. ಅದರೊಳಗೆ ಪೂರ್ತಿ ಇಳಿಯುವ ವಸ್ತು ಮಗುವಿನ ಗಂಟಲಿಗೆ ಸಿಕ್ಕಿಕೊಳ್ಳಬಲ್ಲುದು. ಮೂರು ಸೆಂಟಿಮೀಟರಿಗಿಂತ ತುಸು ಹೆಚ್ಚು ಒಳ ಅಗಲದ ಪೈಪಿನ ತುಂಡು ತೋಟದ ಮನೆಗಳಲ್ಲಿ ಬಿದ್ದಿರುತ್ತದೆ. ಅದೊಂದನ್ನು ಮೇಜಿನ ಮೇಲಿಟ್ಟರೆ ಪರೀಕ್ಷೆ ಸುಲಭ. ಗೊಂಬೆಯ ಕಣ್ಣು, ಕಾರಿನ ಚಕ್ರಗಳನ್ನು ಎಳೆದು ನೋಡಬೇಕು. ಕಿತ್ತುಬಂದರೆ ಆ ಆಟಿಕೆ ಹೊರಗೆ.

ಎರಡನೆಯದು ಬ್ಯಾಟರಿ ಮತ್ತು ಅಯಸ್ಕಾಂತ. ಅಂಗಿಯ ಗುಂಡಿಯಂತೆ ಕಾಣುವ ಚಪ್ಪಟೆ ಬ್ಯಾಟರಿಯನ್ನು ಮಗು ನುಂಗಿದರೆ ಎರಡೇ ಗಂಟೆಗಳಲ್ಲಿ ಅನ್ನನಾಳ ಸುಟ್ಟುಹೋಗಬಹುದು. ಇಂಥ ಬ್ಯಾಟರಿಯ ಮುಚ್ಚಳ ಸ್ಕ್ರೂನಿಂದ ಭದ್ರವಾಗಿಲ್ಲದ ಆಟಿಕೆಯನ್ನು ಮಾರಕೂಡದು. ಚಿಕ್ಕ, ಶಕ್ತಿಯುತ ಅಯಸ್ಕಾಂತಗಳನ್ನು ಒಂದಕ್ಕಿಂತ ಹೆಚ್ಚು ನುಂಗಿದರೆ ಅವು ಕರುಳಿನ ಪದರಗಳ ನಡುವೆ ಒಂದನ್ನೊಂದು ಎಳೆದುಕೊಂಡು ರಂಧ್ರ ಮಾಡುತ್ತವೆ.

ಮೂರನೆಯದು ಬಣ್ಣ. ಸೀಸವು ಮಕ್ಕಳ ಮಿದುಳಿಗೆ ವಿಷ. ಇಷ್ಟರವರೆಗೆ ಸುರಕ್ಷಿತ ಎಂಬ ಮಿತಿ ಅದಕ್ಕಿಲ್ಲ. ಭಾರತದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸವನ್ನು ಹತ್ತು ಲಕ್ಷದಲ್ಲಿ 90 ಭಾಗಕ್ಕೆ ಮಿತಿಗೊಳಿಸಿದ ನಿಯಮ ರೂಪುಗೊಂಡದ್ದು 2016ರಲ್ಲಿ. ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾದದ್ದು 2021ರ ಜನವರಿ 1ರಿಂದ. ಆದ್ದರಿಂದ ಅದಕ್ಕೂ ಹಿಂದಿನ, ಬಣ್ಣ ಸುಲಿಯುತ್ತಿರುವ ಆಟಿಕೆಗಳನ್ನು ಅನುಮಾನದಿಂದಲೇ ನೋಡಬೇಕು. ಆಲೆಮರವನ್ನು ಕಡೆದು ಅರಗಿನ ಬಣ್ಣ ಹಚ್ಚುವ ಚನ್ನಪಟ್ಟಣದ ಸಾಂಪ್ರದಾಯಿಕ ಆಟಿಕೆಗಳು ಅನೇಕ ವರ್ಷ ಬಾಳುತ್ತವೆ, ಮಾರಾಟಕ್ಕೂ ಯೋಗ್ಯ. ಅವುಗಳಲ್ಲಿಯೂ ಸೀಳಿದ್ದು, ಮೊಳೆ ಎದ್ದದ್ದು ಬೇಡ.

ಬಟ್ಟೆಗಳಲ್ಲಿ ಕುತ್ತಿಗೆಯ ಸುತ್ತ, ಟೋಪಿಯ ಅಂಚಿನಲ್ಲಿ ಇರುವ ಎಳೆದಾರಗಳನ್ನು ತೆಗೆದುಹಾಕಬೇಕು. ಜೋಕಾಲಿಗೋ ಬಸ್ಸಿನ ಬಾಗಿಲಿಗೋ ಅವು ಸಿಕ್ಕಿಕೊಂಡು ಮಕ್ಕಳು ಪ್ರಾಣ ಕಳೆದುಕೊಂಡದ್ದರಿಂದ ಅಮೆರಿಕದಲ್ಲಿ 1996ರಲ್ಲಿಯೇ ಈ ಬಗ್ಗೆ ಮಾರ್ಗಸೂಚಿ ಹೊರಬಂದಿತು. ಮಲೆನಾಡಿಗೆ ವಿಶೇಷವಾದ ಇನ್ನೊಂದು ಸಂಗತಿ ನುಸಿಗುಳಿಗೆ. ಟ್ರಂಕಿನಲ್ಲಿ ನುಸಿಗುಳಿಗೆಯ ಜೊತೆ ಇಟ್ಟ ಬಟ್ಟೆಯನ್ನು ಹಾಗೆಯೇ ಹಸುಗೂಸಿಗೆ ತೊಡಿಸಿದರೆ, ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವ ಶಿಶುಗಳಲ್ಲಿ ನ್ಯಾಫ್ತಲೀನ್‌ನಿಂದ ಕೆಂಪು ರಕ್ತಕಣಗಳು ಒಡೆದು ತೀವ್ರ ಕಾಮಾಲೆಯಾಗಬಹುದು. ಮಗುವಿಗೆ ಆ ಕೊರತೆ ಇದೆಯೆಂಬುದು ಸಾಮಾನ್ಯವಾಗಿ ಮನೆಯವರಿಗೆ ತಿಳಿದಿರುವುದಿಲ್ಲ. ನುಸಿಗುಳಿಗೆಯ ವಾಸನೆಯಿರುವ ಶಿಶುಬಟ್ಟೆಯನ್ನು ಸ್ವೀಕರಿಸದೆ, ಚೆನ್ನಾಗಿ ಒಗೆದು ಬಿಸಿಲಿಗೆ ಹಾಕಿ ವಾಸನೆ ಪೂರ್ತಿ ಹೋದ ಮೇಲೆ ತರುವಂತೆ ಹೇಳಬೇಕು. ಬಾಟಲಿಯ ನಿಪ್ಪಲ್, ಹಲ್ಲು ಬರುವಾಗ ಕಚ್ಚುವ ರಬ್ಬರು, ಬಳಸಿದ ಹೆಲ್ಮೆಟ್ಟು ಇವುಗಳೂ ಬೇಡ.

ಬೆಲೆ ಮತ್ತು ಲೆಕ್ಕ

ಅಮೆರಿಕದ ಗ್ಯಾರೇಜ್ ಸೇಲ್‌ಗಳಲ್ಲಿ ಮಕ್ಕಳ ಬಟ್ಟೆಗೆ ಸಾಮಾನ್ಯವಾಗಿ ಹೊಸ ಬೆಲೆಯ ಹತ್ತನೆಯ ಒಂದು ಭಾಗದಿಂದ ಮೂರನೆಯ ಒಂದು ಭಾಗದವರೆಗೆ ಇಡುತ್ತಾರೆ. ಹೆಚ್ಚಿನವರು ಬೆಲೆ ಇಡುವಾಗ ವಸ್ತುವಿನ ನೆನಪಿಗೂ ಬೆಲೆ ಕಟ್ಟುತ್ತಾರೆ. ಮೊದಲ ಹುಟ್ಟುಹಬ್ಬದ ಅಂಗಿ ತಾಯಿಗೆ ಅಮೂಲ್ಯ, ಕೊಳ್ಳುವವರಿಗೆ ಅದೊಂದು ಅಂಗಿ. ಆದ್ದರಿಂದ ಬೆಲೆಯನ್ನು ಸಮಿತಿಯೇ ನಿಗದಿ ಮಾಡುವುದು ಮೇಲು. 10, 20, 50, 100 ಎಂಬ ನಾಲ್ಕೇ ದರಗಳಿದ್ದು, ದರಕ್ಕೊಂದು ಬಣ್ಣದ ಚೀಟಿಯಿದ್ದರೆ ಓದು ಬಾರದವರಿಗೂ ತಿಳಿಯುತ್ತದೆ. ಚೌಕಾಸಿಗೆ ಅವಕಾಶ ಬೇಡ. ಕೊನೆಯ ಒಂದು ಗಂಟೆ ಎಲ್ಲಕ್ಕೂ ಅರ್ಧ ಬೆಲೆ ಎಂದು ಮೊದಲೇ ಸಾರಿದರೆ ಸಾಕು. ಗುಡ್ಡದ ಊರುಗಳಲ್ಲಿ ಮೊಬೈಲ್ ಸಂಕೇತವನ್ನು ನಂಬುವಂತಿಲ್ಲವಾದ್ದರಿಂದ ಹತ್ತು, ಇಪ್ಪತ್ತರ ಚಿಲ್ಲರೆಯನ್ನು ಧಾರಾಳವಾಗಿ ತಂದಿಟ್ಟುಕೊಳ್ಳಬೇಕು.

ಒಂದು ಊಹೆಯ ಲೆಕ್ಕವನ್ನು ನೋಡಬಹುದು. ಅರವತ್ತು ಮನೆಗಳು ತಲಾ ಹತ್ತು ವಸ್ತು ತಂದರೆ ಆರುನೂರು. ನಾನೂರು ಮಾರಾಟವಾಗಿ, ಸರಾಸರಿ 30 ರೂಪಾಯಿ ಬಂದರೆ ಒಟ್ಟು 12,000. ಕಾಲು ಭಾಗವನ್ನು, ಅಂದರೆ 3,000 ರೂಪಾಯಿಯನ್ನು ಶಾಲೆಗೋ ಅಂಗನವಾಡಿಗೋ ತೆಗೆದಿಟ್ಟರೆ ಮನೆಯೊಂದಕ್ಕೆ ಸಿಗುವುದು 150 ರೂಪಾಯಿ. ಇಷ್ಟಕ್ಕಾಗಿ ಇಷ್ಟು ಶ್ರಮವೇ ಎನಿಸಬಹುದು. ಆದರೆ ಅದೇ ನಾನೂರು ವಸ್ತುಗಳನ್ನು ಹೊಸದಾಗಿ ತಲಾ 200 ರೂಪಾಯಿಗೆ ಕೊಂಡಿದ್ದರೆ 80,000 ರೂಪಾಯಿ ಊರಿನಿಂದ ಹೊರಗೆ ಹೋಗುತ್ತಿತ್ತು. 68,000 ರೂಪಾಯಿ ಕೊಂಡವರ ಮನೆಯಲ್ಲಿಯೇ ಉಳಿಯಿತು. ಈ ಮಾರಾಟದ ಲಾಭವನ್ನು ಹುಡುಕಬೇಕಾದದ್ದು ಕೊಳ್ಳುವವರ ಕೈಯಲ್ಲಿ, ಮಾರುವವರ ಕೈಯಲ್ಲಲ್ಲ.

ಮಾರಾಟದ ದಿನ

ದಿನದ ಕೆಲಸ ಹೆಚ್ಚೇನಿಲ್ಲ. ನೆರಳು, ಕುಡಿಯುವ ನೀರು, ಮಗುವಿಗೆ ಹಾಲೂಡಿಸಲು ಒಂದು ಮರೆ, ಬಟ್ಟೆ ತೊಡಿಸಿ ನೋಡಲು ಒಂದು ಮೂಲೆ ಇರಬೇಕು. ಹೊರಹೋಗುವ ದಾರಿ ಒಂದೇ ಇದ್ದು, ಅಲ್ಲಿ ಚೀಟಿ ಕತ್ತರಿಸಿ ಇಟ್ಟುಕೊಂಡರೆ ಸಂಜೆ ಲೆಕ್ಕ ಸರಿಹೋಗುತ್ತದೆ. ಆಟಿಕೆಗಳನ್ನು ನೆಲದ ಚಾಪೆಯ ಮೇಲೆ, ಮಕ್ಕಳ ಕಣ್ಣಿನ ಮಟ್ಟದಲ್ಲಿ ಇಡಬೇಕು. ಜೋಡಿಸುವ ಆಟಗಳ ತುಂಡುಗಳನ್ನು ಎಣಿಸಿ, ಎಲ್ಲವೂ ಇದ್ದರೆ ಮಾತ್ರ ಚೀಲ ಕಟ್ಟಬೇಕು. ಒಂದು ತುಂಡು ಕಳೆದ ಚಿತ್ರ ಯಾವ ಮಗುವಿಗೂ ಬೇಡ. ಬ್ಯಾಟರಿ ಆಟಿಕೆ ಕೆಲಸ ಮಾಡುವುದನ್ನು ಕೊಳ್ಳುವವರ ಎದುರಿನಲ್ಲಿಯೇ ತೋರಿಸಬೇಕು.

ಆಟಿಕೆಯ ನಿಜವಾದ ಒಡೆಯ ಮಗು. ಅದನ್ನು ಕೇಳದೆ ಗೊಂಬೆಯನ್ನು ಮಾರಿದರೆ, ಅಂಗಳದಲ್ಲಿ ಬೇರೊಂದು ಮಗುವಿನ ಕೈಯಲ್ಲಿ ಅದನ್ನು ಕಂಡಾಗ ಏಳುವ ಅಳುವನ್ನು ಯಾವ ಬೆಲೆಯೂ ಸಮಾಧಾನಪಡಿಸದು. ತನ್ನ ಆಟಿಕೆಯನ್ನು ತಾನೇ ಆರಿಸಿ ತಂದು, ಬಂದ ಹಣ ತನಗೇ ಸೇರುವುದೆಂದು ತಿಳಿದ ಮಗು ಉತ್ಸಾಹದಿಂದ ಬಿಟ್ಟುಕೊಡುತ್ತದೆ. ಕೊಳ್ಳುವವರಿಗೂ ಒಂದು ಮಾತು. ಅಗ್ಗವೆಂದು ಬೇಡದ್ದನ್ನು ಒಯ್ದರೆ ವಸ್ತು ಒಂದು ಅಟ್ಟದಿಂದ ಇನ್ನೊಂದು ಅಟ್ಟಕ್ಕೆ ಹೋಯಿತೆಂದಷ್ಟೇ ಅರ್ಥ. ಬೇಕಾದದ್ದರ ಪಟ್ಟಿಯನ್ನು ಮನೆಯಲ್ಲಿಯೇ ಬರೆದುಕೊಂಡು ಬರುವುದು ಕ್ಷೇಮ.

ಸಂಜೆ ಉಳಿದದ್ದು

ಮಾರಾಟ ಯಶಸ್ವಿಯಾಯಿತೇ ಎಂಬುದನ್ನು ಹಣದ ಡಬ್ಬಿ ಹೇಳುವುದಿಲ್ಲ. ಸಂಜೆ ಐದು ಗಂಟೆಗೆ ಅಂಗಳದಲ್ಲಿ ಉಳಿದ ರಾಶಿ ಹೇಳುತ್ತದೆ. ಶ್ರೀಮಂತ ದೇಶಗಳಲ್ಲಿ ಮಾರಾಟವಾಗದೆ ಉಳಿದದ್ದು ದಾನದ ಪೆಟ್ಟಿಗೆ ಸೇರುತ್ತದೆ. ಹಾಗೆ ದಾನವಾದ ಬಟ್ಟೆಯ ದೊಡ್ಡ ಪಾಲು ಮೂಟೆಗಳಾಗಿ ಬಡ ದೇಶಗಳಿಗೆ ಸಾಗುತ್ತದೆ. ಘಾನಾ ದೇಶದ ಆಕ್ರಾ ನಗರದ ಕಾಂಟಮಾಂಟೊ ಮಾರುಕಟ್ಟೆ ಇಂಥ ಬಟ್ಟೆಗಳಿಗೆ ಹೆಸರಾದದ್ದು. 2025ರ ಜನವರಿಯ ಮೊದಲಲ್ಲಿ ಬೆಂಕಿಗೆ ಸಿಕ್ಕಿ ಅದರ ಬಹುಭಾಗ ನಾಶವಾಯಿತು. ಅಲ್ಲಿನ ಜನ ಈ ಬಟ್ಟೆಗಳಿಗೆ ಇಟ್ಟ ಹೆಸರಿನ ಅರ್ಥ ‘ಸತ್ತ ಬಿಳಿಯರ ಬಟ್ಟೆ’ ಎಂದು. ಅವುಗಳಲ್ಲಿ ತೊಡಲು ಬಾರದವು ಚರಂಡಿ ಹಿಡಿದು ಸಮುದ್ರತೀರ ಸೇರುತ್ತವೆ. ಚಿಲಿ ದೇಶದ ಅಟಕಾಮ ಮರುಭೂಮಿಯಲ್ಲಿಯೂ ಎಸೆದ ಬಟ್ಟೆಗಳ ದಿಬ್ಬಗಳೆದ್ದಿವೆ. ತಮ್ಮ ಮನೆ ಸ್ವಚ್ಛವಾಯಿತೆಂದು ಅಲ್ಲಿ ಸಮಾಧಾನಪಟ್ಟವರ ಕಸ ಇನ್ನೊಬ್ಬರ ತೀರದಲ್ಲಿದೆ.

ಹಳ್ಳಿಯ ಅಂಗಳ ಮಾರಾಟವೂ ಎಚ್ಚರ ತಪ್ಪಿದರೆ ಇದರ ಪುಟ್ಟ ನಕಲಾಗುತ್ತದೆ. ರಸ್ತೆ ಬದಿಯ ಅನುಕೂಲಸ್ಥರ ಪ್ಲಾಸ್ಟಿಕ್ಕು ಗುಡ್ಡದ ತುದಿಯ ಮನೆಯನ್ನು ಸೇರುತ್ತದೆ. ಅಲ್ಲಿ ಮುರಿದಾಗ, ಕಸದ ಗಾಡಿ ಹೋಗದ ಆ ಮನೆಯವರಿಗೆ ಹಳ್ಳ ಅಥವಾ ಬೆಂಕಿಯ ಹೊರತು ಬೇರೆ ದಾರಿಯಿರುವುದಿಲ್ಲ. ಕೊನೆಯ ಒಡೆಯನ ಮೇಲೆ ಕಸದ ಹೊರೆ ಹೊರಿಸುವ ವ್ಯಾಪಾರ ಪರಿಸರದ ಕೆಲಸವಾಗಲಾರದು. ಆದ್ದರಿಂದ ಮುರಿದ ಆಟಿಕೆಯನ್ನು ಮುಂದಿನ ವರ್ಷ ಮರಳಿ ತಂದೊಪ್ಪಿಸಬಹುದು ಎಂಬ ಮಾತನ್ನು ಸಂಘಟಕರು ಕೊಡಬೇಕು, ನಡೆಸಬೇಕು.

ಉಳಿದದ್ದಕ್ಕೆ ನಾಲ್ಕು ದಾರಿಗಳನ್ನು ಮಾರಾಟಕ್ಕೆ ಮುಂಚೆಯೇ ಗೊತ್ತುಮಾಡಿಕೊಳ್ಳಬೇಕು. ಮೊದಲನೆಯದು, ಮಾರಾಟವಾಗದ ವಸ್ತುವನ್ನು ಅದೇ ಸಂಜೆ ತಂದವರೇ ಒಯ್ಯಬೇಕೆಂಬ ನಿಯಮ. ಇದು ಗೊತ್ತಿದ್ದರೆ ಮುಂದಿನ ಬಾರಿ ಯಾರೂ ಕಸ ತರುವುದಿಲ್ಲ. ಎರಡನೆಯದು, ಒಡೆಯರು ಬಿಟ್ಟುಕೊಟ್ಟ ಒಳ್ಳೆಯ ಆಟಿಕೆಗಳನ್ನು ಎರವಲು ಕೊಡುವುದು. 1935ರ ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಲಾಸ್ ಏಂಜಲೀಸ್‌ನಲ್ಲಿ ಗ್ರಂಥಾಲಯದಂತೆ ಆಟಿಕೆಗಳನ್ನು ಎರವಲು ಕೊಡುವ ಪದ್ಧತಿ ಆರಂಭವಾಯಿತು. ಅಂಗನವಾಡಿಯ ಒಂದು ಕಪಾಟಿನಲ್ಲಿ ಅದನ್ನೇ ಮಾಡಬಹುದು. ಕಾರ್ಯಕರ್ತೆಯನ್ನು ಕೇಳಿ, ಅವರು ಆರಿಸಿದ್ದನ್ನು ಮಾತ್ರ ಕೊಡಬೇಕು.

ಮೂರನೆಯದು ಕೌದಿ. ಹಳಿಯಾಳ, ಯಲ್ಲಾಪುರ, ಮುಂಡಗೋಡು ಸೀಮೆಯ ಸಿದ್ದಿ ಮಹಿಳೆಯರು ಹಳೆಯ ಬಟ್ಟೆಯ ತುಂಡುಗಳಿಂದ ಹೊಲಿಯುವ ಕವಂದಿಗಳು ಇಂದು ಹೊರದೇಶಗಳ ಪ್ರದರ್ಶನಗಳನ್ನೂ ಕಂಡಿವೆ. ನಾಲ್ಕು ಮೂಲೆಗಳಿಗೆ ಮಡಿಸಿದ ತ್ರಿಕೋನದ ಹೂವು ಹೊಲಿದ ಮೇಲೆಯೇ ಅದು ಪೂರ್ತಿಯಾಯಿತೆಂದು ಲೆಕ್ಕ. ತೊಡಲಾಗದ ಹತ್ತಿಬಟ್ಟೆಗೆ ಇದಕ್ಕಿಂತ ಒಳ್ಳೆಯ ಗತಿ ಇಲ್ಲ. ಕೌದಿ ಹೊಲಿಯಬಲ್ಲ ಹಿರಿಯರಿಗೆ ಆ ತುಂಡುಗಳನ್ನು ಒಪ್ಪಿಸಿ, ಹೊಲಿದ ಕೂಲಿಯನ್ನೂ ಕೊಟ್ಟು, ಮುಂದಿನ ವರ್ಷದ ಮಾರಾಟದಲ್ಲಿ ಮಕ್ಕಳ ಕೌದಿಯಾಗಿ ಇಡಬಹುದು. ನಾಲ್ಕನೆಯದು, ಯಾವುದಕ್ಕೂ ಬಾರದ ಪ್ಲಾಸ್ಟಿಕ್ಕನ್ನು ಗ್ರಾಮ ಪಂಚಾಯಿತಿಯ ಒಣಕಸದ ಘಟಕಕ್ಕೆ ಕಳಿಸಿ, ಬ್ಯಾಟರಿಗಳನ್ನು ಬೇರೆಯೇ ಡಬ್ಬಿಯಲ್ಲಿ ಒಪ್ಪಿಸುವುದು. ಘಟಕ ಸ್ವೀಕರಿಸುತ್ತದೆಯೇ ಎಂಬುದನ್ನು ಮಾರಾಟದ ದಿನ ಗೊತ್ತುಮಾಡುವ ಮೊದಲೇ ಕೇಳಿ ತಿಳಿದಿರಬೇಕು.

ವಿದ್ಯಾರ್ಥಿಗಳಿಗೆ

ವಿದ್ಯಾರ್ಥಿಗಳು ಕೈಗೊಳ್ಳಬಹುದಾದ ಅತ್ಯಂತ ಉಪಯುಕ್ತ ಕೆಲಸ ತೂಕದ ಲೆಕ್ಕ. ಅಡಿಕೆ ತೂಗುವ ತಕ್ಕಡಿಯಲ್ಲಿ ಬೆಳಿಗ್ಗೆ ಬಂದ ವಸ್ತುಗಳ ಒಟ್ಟು ತೂಕ, ಸಂಜೆ ಮಾರಾಟವಾಗಿ ಹೋದದ್ದು, ತಂದವರು ಮರಳಿ ಒಯ್ದದ್ದು, ಕೌದಿಗೆ ಹೋದದ್ದು, ಕಸಕ್ಕೆ ಹೋದದ್ದು ಎಂದು ಐದು ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದು ಪಂಚಾಯಿತಿಯ ಗೋಡೆಗೆ ಅಂಟಿಸಬೇಕು. ಹತ್ತಿ ಎಷ್ಟು, ಪಾಲಿಯೆಸ್ಟರ್ ಎಷ್ಟು ಎಂಬುದನ್ನೂ ಬೇರ್ಪಡಿಸಿದರೆ ಊರಿನ ಕೊಳ್ಳುವ ಚಾಳಿ ಯಾವ ಕಡೆಗೆ ಸಾಗಿದೆಯೆಂಬುದು ಎರಡು ಮೂರು ವರ್ಷಗಳಲ್ಲಿ ಕಣ್ಣಿಗೆ ಕಾಣುತ್ತದೆ. ಕಸಕ್ಕೆ ಹೋದ ಅಂಕಿ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದರೆ ಮಾರಾಟ ಸರಿದಾರಿಯಲ್ಲಿದೆ. ಏರುತ್ತಿದ್ದರೆ ಸ್ವೀಕರಿಸುವ ಮೇಜಿನಲ್ಲಿ ಕೂತವರು ದಾಕ್ಷಿಣ್ಯಕ್ಕೆ ಸಿಕ್ಕಿದ್ದಾರೆಂದು ಅರ್ಥ. ಮುಂದಿನ ಏಪ್ರಿಲ್‌ಗೆ ಮೊದಲು ಅವರನ್ನು ಬದಲಾಯಿಸಬೇಕು.